ಚೊಗರಲ್ಲದ ಕೆಂಪು

ಅಡಿಕೆ ಬೇಯಿಸುವ ಮನೆಯಲ್ಲಿ ಕೆಂಪು ಬಣ್ಣ ಕಂಡರೆ ಯಾರೂ ಹೆದರುವುದಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಗಾಢ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ಕೊಯ್ಲು ಶುರುವಾದರೆ ಅದು ಕೈಗೆ, ಲುಂಗಿಗೆ, ಅಂಗಳದ ಕಲ್ಲಿಗೆ, ಬಚ್ಚಲ ನೆಲಕ್ಕೆ, ಕೊನೆಗೆ ನೆಂಟರು ಕೂರುವ ಪ್ಲಾಸ್ಟಿಕ್ ಕುರ್ಚಿಗೂ ಅಂಟುತ್ತದೆ. ಸೊರಬ ತಾಲ್ಲೂಕಿನ ಜಡೆ ಹತ್ತಿರ ಇರುವ ಹೂವಪ್ಪನ ಮನೆಯಲ್ಲೂ ಹಾಗೆಯೇ. ಆದ್ದರಿಂದ ಬಚ್ಚಲಿನ ಮೋರಿಯಲ್ಲಿ ಮೊದಲ ಸಲ ಕೆಂಪು ಕಂಡಾಗ ಅವನ ಹೆಂಡತಿ ಬಂಗಾರಮ್ಮ, ಗಂಡ ಕೈಕಾಲು ತೊಳೆದು ಹೋಗಿದ್ದಾನೆ ಎಂದುಕೊಂಡು ಸುಮ್ಮನಾದಳು.

ಎರಡನೆಯ ಸಲ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಹತ್ತಿರದ ನೆಂಟರೊಬ್ಬರು ತೀರಿಕೊಂಡು, ಸೂತಕ ಕಳೆಯಲಿ ಎಂದು ಹಂಡೆಗೆ ಬೆಂಕಿ ಹಾಕದೆ ಬಿಟ್ಟಿದ್ದ ದಿನಗಳವು. ಮನೆಯಲ್ಲಿ ಚೊಗರನ್ನು ಮುಟ್ಟಿದವರು ಯಾರೂ ಇರಲಿಲ್ಲ. ಇನ್ನೂ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಚೊಗರು ಸಿಮೆಂಟಿಗೆ ಬಿದ್ದರೆ ತೆಂಗಿನ ನಾರು ಹಾಕಿ ಉಜ್ಜಿದರೂ ಕಲೆ ಹೋಗುವುದಿಲ್ಲ. ಈ ಕೆಂಪು ಒಂದು ಚೊಂಬು ನೀರಿಗೇ ಹರಿದುಹೋಯಿತು.

"ಏನ್ರೀ, ಹಂಡೆ ಒಲೆ ಮೇಲಿಲ್ಲ. ಬಚ್ಚಲಾಗೆ ಕೆಂಪು ಎಲ್ಲಿಂದ ಬಂತು?"

ಹೂವಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದ. "ಉಷ್ಣ ಕಣೆ. ಒಲೆ ಮುಂದೆ ಕೂತೂ ಕೂತೂ ಮೈ ಕಾದೈತೆ. ನೋವಿಲ್ಲ, ಉರಿಯಿಲ್ಲ. ನಾಳೆಗೆ ಸರಿಹೋಗ್ತದೆ."

ಮರುದಿನ ಸರಿಹೋಯಿತು. ಮೂತ್ರ ಎಂದಿನ ಬಣ್ಣಕ್ಕೆ ಬಂತು. ಹೂವಪ್ಪ ಗೆದ್ದವನಂತೆ ಹೆಂಡತಿಯ ಮುಖ ನೋಡಿದ. ನೋವಿಲ್ಲ ಎನ್ನುವುದು ಅವನಿಗೆ ಒಂದು ಧೈರ್ಯ, ತಾನಾಗಿಯೇ ನಿಂತಿತು ಎನ್ನುವುದು ಇನ್ನೊಂದು ಧೈರ್ಯ. ಮೂತ್ರಪಿಂಡದಲ್ಲಿ, ಅಂದರೆ ನಾವು ಕಿಡ್ನಿ ಎನ್ನುವ ಅಂಗದಲ್ಲಿ, ಗಡ್ಡೆ ಬೆಳೆಯುವಾಗ ಎಷ್ಟೋ ಸಲ ನೋವೇ ಇರುವುದಿಲ್ಲ ಎಂಬುದಾಗಲಿ, ರಕ್ತ ಒಂದು ದಿನ ಬಂದು ವಾರಗಟ್ಟಲೆ ಕಾಣದೆ ಇರಬಹುದು ಎಂಬುದಾಗಲಿ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಪಕ್ಕದ ಮನೆಯೇ ಅಣ್ಣ ಪರಮಶಿವಪ್ಪನದು. ಅಪ್ಪ ಹೋದ ಮೇಲೆ ಎರಡೂ ಮನೆಯ ದೊಡ್ಡ ಮಾತು ಅವನದೇ. ಸಂಗತಿ ಕೇಳಿ ಅವನು ಇದು ಕಲ್ಲು, ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆ ಎಂದು ತೀರ್ಮಾನ ಹೇಳಿದ. ತಾನೇ ದಿಂಡು ಕಡಿದು ತಂದುಕೊಟ್ಟ. ಹೂವಪ್ಪ ದಿನವೂ ಕುಡಿದ. ಕೆಂಪು ಕಾಣಲಿಲ್ಲ. ದಿಂಡು ಗುಣ ಮಾಡಿತು ಎಂದು ಇಬ್ಬರೂ ನಂಬಿದರು. ಬಂಗಾರಮ್ಮ ಮಾತ್ರ ಗಂಡ ಬಚ್ಚಲಿಂದ ಹೊರಬಂದ ಕೂಡಲೇ ಒಳಗೆ ಹೋಗಿ ನೆಲ ನೋಡುವುದನ್ನು ಬಿಡಲಿಲ್ಲ.

ಕೊನೆಯ ಹಂಡೆ ಇಳಿಸಿದ ವಾರ ಕೆಂಪು ಮತ್ತೆ ಬಂತು. ಈ ಸಲ ಅದರಲ್ಲಿ ಹೆಪ್ಪುಗಟ್ಟಿದ ಸಣ್ಣ ಎಳೆಗಳಿದ್ದವು. ಬಂಗಾರಮ್ಮ ಗಂಡನಿಗೂ ಭಾವನಿಗೂ ಹೇಳದೆ ತಂಗಿಯ ಮಗಳು ನಯನಳಿಗೆ ಫೋನು ಮಾಡಿದಳು. ಬಂಗಾರಮ್ಮನ ತವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ನಯನ ಅಲ್ಲಿಗೆ ಹತ್ತಿರದ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ.

ನಯನ ಮೊದಲು ಪ್ರಶ್ನೆ ಕೇಳಿದಳು. ಜ್ವರ ಇದೆಯೇ, ಉರಿ ಇದೆಯೇ, ತೂಕ ಇಳಿದಿದೆಯೇ, ಬೀಟ್‌ರೂಟ್ ತಿಂದಿದ್ದರೇ, ಹೊಸ ಮಾತ್ರೆ ಏನಾದರೂ ತೆಗೆದುಕೊಂಡಿದ್ದರೇ. ಎಲ್ಲದಕ್ಕೂ ಇಲ್ಲ ಎಂಬ ಉತ್ತರ ಬಂತು.

"ದೊಡ್ಡಮ್ಮ, ಅದು ಏನಂತ ನಂಗೂ ಗೊತ್ತಿಲ್ಲ. ಸೋಂಕು ಇರಬಹುದು, ಕಲ್ಲು ಇರಬಹುದು, ಗಡ್ಡಿನೂ ಇರಬಹುದು. ನೋವಿಲ್ದಂಗ ರಕ್ತ ಬಂತಂದ್ರ ಒಂದೇ ಸಲ ಬಂದ್ರೂ ತೋರಿಸ್ಲೇಬೇಕು ನೋಡ್ರಿ. ನಿಂತೈತಿ ಅಂತ ಸುಮ್ನಿರಬ್ಯಾಡ್ರಿ. ನಾಳೆನೇ ಸೊರಬಕ್ಕ ಕರ್ಕೊಂಡು ಹೋಗ್ರಿ, ನಾನೂ ಅಲ್ಲಿಗೇ ಬರ್ತೀನಿ."

ಹೂವಪ್ಪ ಹೊರಟಿದ್ದು ಹೆಂಡತಿಯ ಕಾಟಕ್ಕೆ. ಬಸ್ಸು ಹತ್ತುವವರೆಗೂ ಗೊಣಗಿದ. ಸೊರಬದ ಆಸ್ಪತ್ರೆಗೆ ನಯನಳೂ ಬಂದು ಸೇರಿದಳು. ಅಲ್ಲಿ ಮೂತ್ರ ಪರೀಕ್ಷೆ ಮಾಡಿದರು. ಕಣ್ಣಿಗೆ ಅಂದು ಕೆಂಪು ಕಾಣುತ್ತಿರಲಿಲ್ಲ, ಆದರೂ ಪರೀಕ್ಷೆಯಲ್ಲಿ ರಕ್ತಕಣಗಳು ಕಂಡವು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಆಯಿತು. ಸ್ಕ್ಯಾನ್ ಮಾಡಿದ ವೈದ್ಯರು ಒಂದೇ ಜಾಗದಲ್ಲಿ ತುಂಬ ಹೊತ್ತು ಉಪಕರಣ ಆಡಿಸಿದರು. ಏನೋ ಇದೆ ಎಂದು ಬಂಗಾರಮ್ಮನಿಗೆ ಹೊರಗಿನಿಂದಲೇ ಅನ್ನಿಸಿತು. ಒಳಗೆ ಹೋದವರೆಲ್ಲ ಬೇಗ ಬರುತ್ತಿದ್ದರು, ಗಂಡ ಬರಲಿಲ್ಲ.

ಕಲ್ಲು ಇರಲಿಲ್ಲ. ಎಡ ಕಿಡ್ನಿಯಲ್ಲಿ ಗಡ್ಡೆ ಇತ್ತು. ಇದು ಯಾವ ಗಡ್ಡೆ ಎಂದು ಈ ಸ್ಕ್ಯಾನ್‌ನಿಂದ ಹೇಳಲಾಗದು, ಕ್ಯಾನ್ಸರ್ ಎಂದು ಈಗಲೇ ನಿರ್ಧರಿಸಬೇಡಿ, ಆದರೆ ತಡವನ್ನೂ ಮಾಡಬೇಡಿ ಎಂದು ಹೇಳಿ ವೈದ್ಯರು ಶಿವಮೊಗ್ಗಕ್ಕೆ ಕಳಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಊರಿನವರು ಅಡಿಕೆ ಧಾರಣೆಯ ಮಾತೆತ್ತಿದರು. ಹೂವಪ್ಪ ಎಲ್ಲದಕ್ಕೂ ಹೌದು ಹೌದು ಎಂದ. ಯಾವ ಮಾತೂ ಅವನ ಕಿವಿಗೆ ಬಿದ್ದಿರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂತ್ರಾಂಗ ರೋಗಗಳ ಶಸ್ತ್ರವೈದ್ಯೆ ಡಾ. ಶರಣ್ಯಾ ಅವರನ್ನು ಕಂಡರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ನರಕ್ಕೆ ಔಷಧ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿದರು. ಎಡಗಡೆಯ ಗಡ್ಡೆ ಸಿಪ್ಪೆಯಿರುವ ಅಡಿಕೆ ಹಣ್ಣಿನಷ್ಟು ಇತ್ತು. ಕಿಡ್ನಿಯ ನಡುವೆ, ರಕ್ತನಾಳಗಳ ಹತ್ತಿರ ಕೂತಿತ್ತು. ಬಲಗಡೆಯೂ ಒಂದಿತ್ತು. ಅದು ಸುಲಿದ ಅಡಿಕೆಗಿಂತ ಚಿಕ್ಕದು.

ಗಡ್ಡೆ ಎರಡೂ ಕಡೆ ಇರುವುದು ಸಾಮಾನ್ಯವಲ್ಲ, ಆದ್ದರಿಂದ ಸೂಜಿಯಿಂದ ಒಂದು ಚೂರು ತೆಗೆದು ಅದರ ಜಾತಿ ತಿಳಿಯಬೇಕು ಎಂದು ಡಾಕ್ಟರು ಹೇಳಿದರು. ಜೊತೆಗೆ ಬಂದಿದ್ದ ಪರಮಶಿವಪ್ಪ ಒಪ್ಪಲಿಲ್ಲ.

"ಸೂಜಿ ಚುಚ್ಚಿದ್ರೆ ಹುತ್ತ ಕೆದಕಿದಂಗೆ ರೀ. ಇದ್ದಲ್ಲೇ ಇರ್ಲಿ ಬಿಡಿ. ಕೆಣಕಿದ್ರೆ ಮೈಯೆಲ್ಲ ಹರಡ್ತದೆ."

ಡಾಕ್ಟರು ಸಿಟ್ಟಾಗಲಿಲ್ಲ. ಇದನ್ನು ತಮ್ಮಲ್ಲಿಗೆ ಬರುವ ಹೆಚ್ಚಿನವರು ಕೇಳುತ್ತಾರೆ ಎಂದರು. ಸೂಜಿಯಿಂದ ರೋಗ ಹರಡುವುದು ತೀರಾ ಅಪರೂಪ, ಸ್ವಲ್ಪ ರಕ್ತಸ್ರಾವ ಆಗಬಹುದು, ಅದಕ್ಕಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತೇವೆ. ಎಲ್ಲ ಗಡ್ಡೆಗೂ ಈ ಪರೀಕ್ಷೆ ಬೇಕಿಲ್ಲ, ನಿಮ್ಮ ತಮ್ಮನಿಗೆ ಬೇಕು. ಕಿಡ್ನಿಯ ಗಡ್ಡೆಗಳಲ್ಲಿ ಹಲವು ಜಾತಿ. ಕೆಲವು ಕ್ಯಾನ್ಸರೇ ಅಲ್ಲ. ಕೆಲವು ಬೇಗ ಹರಡುತ್ತವೆ, ಕೆಲವು ನಿಧಾನ. ಒಂದಕ್ಕೆ ಹಿಡಿಸುವ ಚಿಕಿತ್ಸೆ ಇನ್ನೊಂದಕ್ಕೆ ಹಿಡಿಸದು. ಹೆಸರು ಗೊತ್ತಿಲ್ಲದೆ ಔಷಧ ಕೊಡುವುದು ಹೇಗೆ ಎಂದು ಕೇಳಿದರು. ಹೂವಪ್ಪ ಸಹಿ ಹಾಕಿದ.

ಫಲಿತಾಂಶ ಬರುವವರೆಗಿನ ದಿನಗಳು ಆ ಮನೆಗೆ ಉದ್ದವಾದವು. ಹಂಡೆ ತೊಳೆದು ಮಗುಚಿ ಹಾಕಿದ್ದರು. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ಅದನ್ನು ಹರವುತ್ತಾ ಬಂಗಾರಮ್ಮನ ಕೈ ನಿಂತುಬಿಡುತ್ತಿತ್ತು. ಗಂಡ ಬಚ್ಚಲಿಗೆ ಹೋದರೆ ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಲ್ಲುವಳು. "ನೀನು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ಮಾರಾಯ್ತಿ" ಎಂದು ಹೂವಪ್ಪ ನಗಲು ನೋಡಿದ. ಅವಳು ನಗಲಿಲ್ಲ. ಅವನು ಕ್ಷೌರ ಮಾಡಿಸಿ ಎಷ್ಟು ದಿನವಾಗಿತ್ತೋ, ಕೊಯ್ಲಿನಲ್ಲಿ ಬಿಟ್ಟ ಗಡ್ಡ ಹಾಗೇ ಮುಖ ತುಂಬಾ ಬೆಳೆದಿತ್ತು.

ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರು ಅದನ್ನು ಕ್ರೋಮೋಫೋಬ್ ಎಂಬ ಜಾತಿ ಎಂದು ಹೇಳಿದ್ದರು. ಕಿಡ್ನಿಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಷ್ಟು ಮಾತ್ರ ಕಾಣುವ ಅಪರೂಪದ ಜಾತಿ ಅದು. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಹರಡುವ ಮೊದಲೇ ತೆಗೆದರೆ ಹೆಚ್ಚಿನವರಿಗೆ ಗುಣವಾಗುತ್ತದೆ ಎಂದು ಡಾ. ಶರಣ್ಯಾ ವಿವರಿಸಿದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

"ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಕಿಡ್ನಿ ಗಡ್ಡೆ ಇತ್ತಾ? ಅಪ್ಪ, ಅಣ್ಣ, ತಮ್ಮ? ಯೋಚನೆ ಮಾಡಿ ಹೇಳಿ. ಇದರ ಮೇಲೆ ಆಪರೇಷನ್ ನಿಂತಿದೆ."

ಹೂವಪ್ಪ ಅಣ್ಣನ ಕಡೆ ನೋಡಿದ. ಹಿರಿಯರ ವಿಷಯ ಹಿರಿಯನೇ ಹೇಳಬೇಕು.

"ಯಾರಿಗೂ ಇಲ್ಲ ರೀ. ಅಪ್ಪ ವಯಸ್ಸಾಗಿ ಹೋದ್ರು" ಎಂದು ಪರಮಶಿವಪ್ಪ ಗೋಡೆ ನೋಡುತ್ತಾ ಹೇಳಿದ.

ಅದು ಸುಳ್ಳು. ಅಪ್ಪನನ್ನು ಕೊನೆಯ ವರ್ಷ ದೂರದ ಊರಿನ ಆಸ್ಪತ್ರೆಗೆ ಕರೆದೊಯ್ದವನು ಅವನೊಬ್ಬನೇ. ಎರಡೂ ಕಿಡ್ನಿಯಲ್ಲಿ ಗಡ್ಡೆ ಇದೆ ಎಂದು ಅಲ್ಲಿನ ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡು, ಮನೆಗೆ ಬಂದು ಕಲ್ಲು ಎಂದಿದ್ದ. ಈಗ ಅವನ ಮಗಳು ರಮ್ಯಳಿಗೆ ಶಿಕಾರಿಪುರ ಕಡೆಯ ಒಂದು ಮನೆಯಿಂದ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಮಾತು ಮುಗಿಸಲು ಬರುವುದಿತ್ತು. ನಮ್ಮಲ್ಲಿ ಸಂಬಂಧ ನೋಡುವಾಗ ಹೊಲ ತೋಟಕ್ಕಿಂತ ಮೊದಲು ಮನೆತನದಲ್ಲಿ ರೋಗವಿದೆಯೇ ಎಂದು ವಿಚಾರಿಸುತ್ತಾರೆ. ಆ ವಿಚಾರಣೆಗೆ ಹೇಳಬೇಕೆಂದು ಸಿದ್ಧ ಮಾಡಿಟ್ಟುಕೊಂಡಿದ್ದ ಉತ್ತರವನ್ನೇ ಅವನು ಡಾಕ್ಟರಿಗೂ ಹೇಳಿಬಿಟ್ಟ.

ಅವನ ಮಾತು ನಂಬಿ ಡಾಕ್ಟರು ಯೋಚನೆ ಮಾಡಿದರು. ಎಡಗಡೆಯ ಗಡ್ಡೆ ನಾಳಗಳ ಹತ್ತಿರವಿದ್ದುದರಿಂದ ಆ ಕಿಡ್ನಿಯನ್ನು ಪೂರ್ತಿ ತೆಗೆಯುವುದು, ಬಲಗಡೆಯ ಚಿಕ್ಕದನ್ನು ನೋಡುತ್ತಾ ಇರುವುದು ಎಂದು ತೀರ್ಮಾನವಾಯಿತು. ಒಂದೇ ಕಿಡ್ನಿಯಲ್ಲೂ ಮನುಷ್ಯ ಚೆನ್ನಾಗಿ ಬದುಕಬಹುದು ಎಂದು ಅವರು ಧೈರ್ಯ ಹೇಳಿದರು. ಆದರೆ ಉಳಿಯುವ ಆ ಒಂದರಲ್ಲೂ ಗಡ್ಡೆಯಿದೆ ಎಂಬುದು ಬಂಗಾರಮ್ಮನ ತಲೆಯಿಂದ ಹೋಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿಗೆ ಕ್ಷೌರದವನು ಬಂದ. ಹೊಟ್ಟೆಯ ಕೂದಲು ತೆಗೆದು, ಅರಿವಳಿಕೆಯ ಮುಖವಾಡ ಸರಿಯಾಗಿ ಕೂರಲಿ ಎಂದು ಗಡ್ಡವನ್ನೂ ತೆಗೆದ. ಸ್ವಲ್ಪ ಹೊತ್ತಿಗೆ ಡಾ. ಶರಣ್ಯಾ ರೋಗಿಗಳನ್ನು ನೋಡುತ್ತಾ ಬಂದರು. ಹೂವಪ್ಪನ ಮಂಚದ ಹತ್ತಿರ ನಿಂತು, ಅವನ ಕೆನ್ನೆ ಕುತ್ತಿಗೆ ನೋಡಿದರು. ರವೆಯ ಕಾಳಿನಂಥ ಸಣ್ಣ ಸಣ್ಣ ಬಿಳಿ ಗುಳ್ಳೆಗಳು ತುಂಬಿದ್ದವು. ತಲೆಯೆತ್ತಿ, ಬದಿಯಲ್ಲಿ ನಿಂತಿದ್ದ ಪರಮಶಿವಪ್ಪನ ಮುಖ ನೋಡಿದರು. ಅವನ ಕೆನ್ನೆಯ ಮೇಲೂ ಅವೇ ಇದ್ದವು.

"ಇದು ಯಾವಾಗಿಂದ ಇದೆ?"

ಬಂಗಾರಮ್ಮನಿಗೆ ಡಾಕ್ಟರು ಇದನ್ನೇಕೆ ಕೇಳುತ್ತಾರೆ ಎಂದು ಅರ್ಥವಾಗಲಿಲ್ಲ. ಆದರೂ ಹೇಳಿದಳು. "ಅದು ಈ ಮನೆಯವರ ಗುರುತು ರೀ. ನನ್ನ ಮದ್ವೇಲಿ ಮಾವನ್ನ ನೋಡಿ ನಮ್ಮೂರ ಹುಡುಗೀರು, ನಿಮ್ಮ ಮಾವ ಉಪ್ಪಿಟ್ಟು ತಿಂದು ಮುಖ ಒರೆಸ್ಕೊಂಡಿಲ್ಲ ಕಣೆ ಅಂತ ಆಡ್ಕೊಂಡಿದ್ರು. ಇವರಿಗೆ ಮೂವತ್ತು ದಾಟಿದ ಮೇಲೆ ಬಂತು."

"ನಿಮ್ಮ ಮಾವನಿಗೆ ಯಾವಾಗಲಾದರೂ ಇದ್ದಕ್ಕಿದ್ದಂತೆ ಎದೆ ನೋವು ಬಂದು ಉಸಿರು ಕಟ್ಟಿತ್ತಾ?"

ಬಂಗಾರಮ್ಮ ನೆನಪಿಸಿಕೊಂಡಳು. ಒಮ್ಮೆ ಗದ್ದೆಯಲ್ಲಿ ಕುಸಿದಿದ್ದರು, ಆಸ್ಪತ್ರೆಯಲ್ಲಿ ಎದೆಗೆ ನಳಿಕೆ ಹಾಕಿ ಒಳಗೆ ತುಂಬಿದ ಗಾಳಿ ತೆಗೆದಿದ್ದರು. ಅದನ್ನು ಹೇಳುತ್ತಲೇ ಅವಳ ದೃಷ್ಟಿ ಭಾವನ ಕಡೆ ಹೋಯಿತು. ಪರಮಶಿವಪ್ಪ ಮಂಚದ ಕಂಬಿ ಹಿಡಿದುಕೊಂಡಿದ್ದ.

ಡಾಕ್ಟರು ಇನ್ನೊಮ್ಮೆ ಕೇಳಿದರು. "ನಿಮ್ಮ ತಂದೆ ಹೋಗಿದ್ದು ಯಾವುದರಿಂದ?"

"ಅಪ್ಪಂಗೂ ಕಿಡ್ನೀಲಿ ಗಡ್ಡೆ ಇತ್ತು ರೀ. ಎರಡೂ ಕಡೆ" ಎಂದ ಪರಮಶಿವಪ್ಪ. ಅವನ ದನಿ ತೀರಾ ತಗ್ಗಿತ್ತು. "ಮನೇಲೂ ಹೇಳಿಲ್ಲ. ಹುಡುಗಿ ಸಂಬಂಧದ ಮಾತು ನಡೀತಾ ಐತೆ. ಮನೆತನದ ರೋಗ ಅಂತ ಜನದ ಬಾಯಿಗೆ ಬಿದ್ರೆ ಯಾರು ಬರ್ತಾರೆ ರೀ?"

ಹೂವಪ್ಪ ಮಲಗಿದ್ದಲ್ಲಿಂದಲೇ ಹೇಳಿದ.

"ಅಣ್ಣ, ನಾಳೆ ಕೊಯ್ಯೋದು ನನ್ನನ್ನ."

ಮರುದಿನದ ಆಪರೇಷನ್ ಮುಂದೂಡಿದರು. ಡಾ. ಶರಣ್ಯಾ ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು. ಫೋನಿನಲ್ಲಿ ನಯನಳೂ ಕೇಳುತ್ತಿದ್ದಳು. ಬರ್ಟ್-ಹಾಗ್-ಡ್ಯೂಬೆ ಎಂಬ ಅಪರೂಪದ ವಂಶವಾಹಿ ತೊಂದರೆಯೊಂದಿದೆ. ಅದು ಇರುವವರಿಗೆ ಮುಖ, ಕುತ್ತಿಗೆಯ ಮೇಲೆ ಇಂಥ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳಿಂದ ಅಪಾಯವಿಲ್ಲ. ಆದರೆ ಅವರಲ್ಲಿ ಕೆಲವರ ಶ್ವಾಸಕೋಶದಿಂದ ಗಾಳಿ ಸೋರಿ ಉಸಿರು ಕಟ್ಟಬಹುದು, ಕೆಲವರ ಕಿಡ್ನಿಯಲ್ಲಿ ಗಡ್ಡೆ ಬೆಳೆಯಬಹುದು. ಗಡ್ಡೆ ಒಂದೇ ಇರುತ್ತದೆ ಎನ್ನುವಂತಿಲ್ಲ, ಮುಂದೆ ಎರಡೂ ಕಿಡ್ನಿಯಲ್ಲಿ ಹೊಸದು ಬರಬಹುದು. ಹಾಗಾಗಿ ಇಂಥವರಲ್ಲಿ ಆದಷ್ಟೂ ಕಿಡ್ನಿ ಉಳಿಸಿ ಗಡ್ಡೆಯನ್ನಷ್ಟೇ ತೆಗೆಯಬೇಕು. ಇಂದು ಪೂರ್ತಿ ತೆಗೆದುಬಿಟ್ಟರೆ, ನಾಳೆ ಇನ್ನೊಂದರಲ್ಲಿ ತೊಂದರೆಯಾದಾಗ ಡಯಾಲಿಸಿಸ್ ಬೇಕಾಗುವ ಸ್ಥಿತಿ ಬರಬಹುದು.

ಖಚಿತ ಮಾಡಿಕೊಳ್ಳಲು ರಕ್ತದ ವಂಶವಾಹಿ ಪರೀಕ್ಷೆಗೆ ಕಳಿಸಿದರು. ಕಿಡ್ನಿ ಉಳಿಸಿ ಗಡ್ಡೆ ತೆಗೆಯುವುದರಲ್ಲಿ ಹೆಚ್ಚು ಅನುಭವವಿದ್ದ ಇನ್ನೊಬ್ಬ ಶಸ್ತ್ರವೈದ್ಯರನ್ನು ಕರೆಸಿದರು. ಗಡ್ಡೆ ನಿಧಾನದ ಜಾತಿಯದಾದ್ದರಿಂದ ಆ ಕೆಲವು ದಿನ ಕಾಯಬಹುದಿತ್ತು.

ಆಪರೇಷನ್ ದಿನ ಬಂಗಾರಮ್ಮ ಕೊಠಡಿಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪರಮಶಿವಪ್ಪ ಕಾಫಿ ತಂದುಕೊಟ್ಟ. ಅವಳು ಲೋಟ ಹಿಡಿದೇ ಇದ್ದಳು, ಅದು ಆರಿತು. ಅವನು ಹೋಗಿ ಇನ್ನೊಂದು ತಂದ. ಅದೂ ಆರಿತು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಹೊರಬರುತ್ತಿದ್ದುದು ಬೇರೆ ಯಾರದೋ ಕಡೆಯವರು. ಕೊನೆಗೆ ಡಾ. ಶರಣ್ಯಾ ಬಂದು ಗಡ್ಡೆಯನ್ನು ಸುತ್ತ ಸ್ವಲ್ಪ ಒಳ್ಳೆಯ ಭಾಗದ ಸಮೇತ ತೆಗೆದಿದ್ದೇವೆ, ಎಡ ಕಿಡ್ನಿಯ ಹೆಚ್ಚಿನ ಭಾಗ ಉಳಿದಿದೆ ಎಂದರು. ಬಂಗಾರಮ್ಮ ಪೂರ್ತಿ ಕೇಳಿಸಿಕೊಂಡು, ಉಳಿದಿದೆ ಎಂದರೆ ಕೆಲಸ ಮಾಡುತ್ತದೆಯೇ ಎಂದು ಮತ್ತೆ ಕೇಳಿದಳು. ಮಾಡುತ್ತದೆ ಎಂದ ಮೇಲೆ ಆರಿದ ಕಾಫಿ ಕುಡಿದಳು.

ವಂಶವಾಹಿ ಪರೀಕ್ಷೆಯ ಉತ್ತರ ಡಾಕ್ಟರು ಅಂದುಕೊಂಡಂತೆಯೇ ಬಂತು. ಬಲಗಡೆಯ ಚಿಕ್ಕ ಗಡ್ಡೆಗೆ ಸದ್ಯ ಕತ್ತರಿ ಬೇಡ. ಅದು ಮೂರು ಸೆಂಟಿಮೀಟರ್ ಮುಟ್ಟಿದರೆ ತೆಗೆಯುತ್ತಾರೆ. ವೈದ್ಯರು ಹೇಳಿದ ಗಡುವಿಗೆ ತಪ್ಪದೆ ಸ್ಕ್ಯಾನ್ ಮಾಡಿಸುತ್ತಾ ಇರಬೇಕು. ಈ ವರ್ಷವೂ ಮುಂದಿನ ವರ್ಷವೂ, ಜೀವ ಇರುವವರೆಗೂ. ಹೂವಪ್ಪ ಈಗ ಅದಕ್ಕೆ ಗೊಣಗುವುದಿಲ್ಲ.

ಪರಮಶಿವಪ್ಪ ತಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಮಾತು ಬಂದಾಗ ನನಗೇನಾಗಿದೆ, ಒಂದು ಹನಿ ಕೆಂಪೂ ಕಂಡಿಲ್ಲ ಎಂದಿದ್ದ. ಅವನನ್ನು ಹೊರಡಿಸಿದ್ದು ಬಂಗಾರಮ್ಮನ ಒಂದೇ ಮಾತು. "ಮಾವಂದು ಮುಚ್ಚಿಟ್ರಿ, ಇವರದು ಮುಚ್ಚಿಡಕ್ಕೆ ಹೋದ್ರಿ. ಇನ್ನು ನಿಮ್ಮದನ್ನ ಯಾರಿಂದ ಮುಚ್ಚಿಡ್ತೀರಿ ಭಾವ?" ಚಿಕ್ಕ ಗಡ್ಡೆ ಅಲ್ಟ್ರಾಸೌಂಡ್‌ನಲ್ಲಿ ಕಾಣದೆ ಹೋಗಬಹುದು ಎಂದು ಅವನಿಗೆ ಎಂಆರ್‌ಐ ಮಾಡಿಸಿದರು. ಅವನ ಬಲ ಕಿಡ್ನಿಯಲ್ಲೂ ಅವರೆಕಾಳಿನಷ್ಟು ಗಡ್ಡೆ ಇತ್ತು. ಈಗಲೇ ಸಿಕ್ಕಿದ್ದರಿಂದ ಅವನೂ ಕಾಯುವವರ ಸಾಲಿಗೆ ಸೇರಿದ್ದಾನೆ.

ಈ ತೊಂದರೆ ಇರುವವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ರಮ್ಯಳೂ ರಕ್ತ ಕೊಟ್ಟು ಬಂದಿದ್ದಾಳೆ, ಫಲಿತಾಂಶ ಇನ್ನೂ ಬರಬೇಕು. ಗಂಡಿನ ಕಡೆಯವರಿಗೆ ಪರಮಶಿವಪ್ಪನೇ ಹೋಗಿ ಎಲ್ಲ ಹೇಳಿದ. ಇದು ಅಂಟುರೋಗವಲ್ಲ, ಮದುವೆಗೆ ಅಡ್ಡಿಯಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದ. ಅವರು ಯೋಚನೆ ಮಾಡಿ ತಿಳಿಸುತ್ತೇವೆ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ.

ಮತ್ತೆ ಕೊಯ್ಲು ಬಂದಿದೆ. ಹಂಡೆ ಒಲೆಯ ಮೇಲಿದೆ. ಬಂಗಾರಮ್ಮ ಈಗಲೂ ಗಂಡನ ಹಿಂದೆ ಬಚ್ಚಲಿಗೆ ಹೋಗುತ್ತಾಳೆ.

ಓದುಗರೇ, ಹೂವಪ್ಪನ ಮನೆಯದು ಕಟ್ಟಿ ಹೇಳಿದ ಕಥೆ. ಆದರೆ ರೋಗದ ಬಗ್ಗೆ ಇಲ್ಲಿ ಹೇಳಿರುವುದು ಕಟ್ಟಿದ್ದಲ್ಲ. ಮೂತ್ರದಲ್ಲಿ ಕೆಂಪು ಕಂಡರೆ, ನೋವಿಲ್ಲದಿದ್ದರೂ, ಒಂದೇ ದಿನಕ್ಕೆ ನಿಂತರೂ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ. ಹೆಚ್ಚಿನ ಸಲ ಅದು ಗಡ್ಡೆಯಾಗಿರುವುದಿಲ್ಲ. ಅಲ್ಲ ಎಂದು ಹೇಳಬೇಕಾದ್ದು ಪರೀಕ್ಷೆ, ಬಾಳೆದಿಂಡಲ್ಲ. ಪುಟ್ಟ ಮಕ್ಕಳಲ್ಲೂ ಅಪರೂಪಕ್ಕೆ ಕಿಡ್ನಿ ಗಡ್ಡೆ ಬರುತ್ತದೆ. ಮಗುವಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಬದಿಯಲ್ಲಿ ಗಟ್ಟಿಯಾದದ್ದು ಕೈಗೆ ಸಿಕ್ಕರೆ ಎಣ್ಣೆ ಹಾಕಿ ತಿಕ್ಕಬೇಡಿ, ಒತ್ತಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ 104ಕ್ಕೆ ಫೋನು ಮಾಡಿ. ಮನೆತನದ ಕಾಯಿಲೆ ಬಗ್ಗೆ ಡಾಕ್ಟರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೆಂಟರ ಮುಂದೆ ಏನು ಹೇಳುವುದು ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ಮತ್ತು ಬಚ್ಚಲಿಗೆ ನೀರು ಸುರಿಯುವ ಮೊದಲು ನೆಲ ಒಮ್ಮೆ ನೋಡಿ.